ಹಿರಿಯರಿಗೂ ಬೇಕು ಅವರದೇ ವೈದ್ಯರು

ತಿಂಗಳ ಮೊದಲ ಶುಕ್ರವಾರ ಅಸ್ವಸ್ಥರಿಗೆ ಪರಮಪ್ರಸಾದ ನೀಡಲು ಮನೆಮನೆಗೆ ಹೋಗುವ ಧರ್ಮಗುರುಗಳನ್ನು ಒಮ್ಮೆ ಕೇಳಿ ನೋಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವ ಧರ್ಮಕೇಂದ್ರವೇ ಆಗಲಿ, ಅವರು ಹೇಳುವುದು ಹೆಚ್ಚುಕಡಿಮೆ ಒಂದೇ. ದೊಡ್ಡ ಮನೆ, ಸುತ್ತ ತೋಟ, ಮಕ್ಕಳು ಗಲ್ಫ್, ಮುಂಬಯಿ ಅಥವಾ ಬೆಂಗಳೂರಿನಲ್ಲಿ. ಮನೆಯಲ್ಲಿ ಇರುವುದು ವಯಸ್ಸಾದ ತಾಯಿ ಅಥವಾ ತಂದೆ, ಕೆಲವೆಡೆ ಇಬ್ಬರೂ. ಮೇಜಿನ ಮೇಲೆ ಶಿಲುಬೆ, ಮೇಣದ ಬತ್ತಿ, ಪಕ್ಕದಲ್ಲಿ ಒಂದು ಡಬ್ಬಿ ತುಂಬ ಮಾತ್ರೆ.

ಹೇಗಿದ್ದೀರಿ ಎಂದು ಕೇಳಿದರೆ ತಲೆ ತಿರುಗುತ್ತದೆ, ರಾತ್ರಿ ನಿದ್ರೆ ಇಲ್ಲ, ಮೊನ್ನೆ ಬಿದ್ದೆ, ಹೆಸರು ನೆನಪಿಗೆ ಬರುವುದಿಲ್ಲ ಎಂಬ ಉತ್ತರ. "ವಯಸ್ಸಾಯಿತಲ್ಲ ಬಾಯಮ್ಮ, ಇನ್ನು ಹೀಗೆಯೇ" ಎಂಬುದು ಸುತ್ತಲಿನವರ ಸಮಾಧಾನ. ಮನೆಯವರೂ ಹೀಗೆ ಹೇಳುತ್ತಾರೆ, ನೆರೆಯವರೂ ಹೇಳುತ್ತಾರೆ. ಕೆಲವೊಮ್ಮೆ ಚೀಟಿ ಬರೆಯುವ ವೈದ್ಯರೂ ಹೇಳುತ್ತಾರೆ.

ಆದರೆ ವಯಸ್ಸು ಒಂದು ರೋಗದ ಹೆಸರಲ್ಲ. ಆ ತಲೆ ತಿರುಗುವಿಕೆಗೆ, ಬೀಳುವುದಕ್ಕೆ, ಮರೆವಿಗೆ ಕಾರಣ ಹುಡುಕುವುದನ್ನೇ ಕಲಿತ ವೈದ್ಯರಿದ್ದಾರೆ. ಅವರ ವಿದ್ಯೆಗೆ ಜೀರಿಯಾಟ್ರಿಕ್ ಮೆಡಿಸಿನ್ ಎಂದು ಹೆಸರು. ಕನ್ನಡದಲ್ಲಿ ವೃದ್ಧಾಪ್ಯ ವೈದ್ಯಶಾಸ್ತ್ರ ಎನ್ನಬಹುದು. ಮಕ್ಕಳಿಗೆ ಮಕ್ಕಳ ತಜ್ಞರು ಬೇಕೆಂಬುದನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಎಂಬತ್ತರ ಹಿರಿಯರಿಗೆ ಬೇರೆ ತಜ್ಞರು ಬೇಕೆಂಬುದು ಇನ್ನೂ ನಮ್ಮ ಮನಸ್ಸಿಗೆ ಬಂದಿಲ್ಲ. ಈ ತಜ್ಞರು ಏನು ಕಲಿಯುತ್ತಾರೆ, ಎಲ್ಲಿ ಕಲಿಯುತ್ತಾರೆ, ನಮ್ಮ ಮೂರು ತಾಲೂಕುಗಳಿಗೆ ಅದರ ಪ್ರಯೋಜನ ಹೇಗೆ ಸಿಗಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ

ಇದು ಯಾರೋ ಒಬ್ಬರ ಕಥೆಯಲ್ಲ, ವಿಷಯ ತಿಳಿಯಲು ಕಟ್ಟಿದ ಉದಾಹರಣೆ. ಆದರೂ ಓದುವವರಲ್ಲಿ ಹಲವರಿಗೆ ತಮ್ಮ ಮನೆಯದೇ ಎನಿಸಬಹುದು.

78 ವರ್ಷದ ತಾಯಿಗೆ ಬಿ.ಪಿ. ಇದೆ ಎಂದು ಅಮ್ಲೊಡಿಪಿನ್ ಮಾತ್ರೆ ಕೊಡುತ್ತಾರೆ. ಅದು ಒಳ್ಳೆಯ ಔಷಧವೇ. ಆದರೆ ಕೆಲವರಿಗೆ ಅದರಿಂದ ಪಾದ ಊದಿಕೊಳ್ಳುತ್ತದೆ. ಕಾಲು ಊದಿದೆ ಎಂದು ಇನ್ನೊಬ್ಬ ವೈದ್ಯರ ಬಳಿಗೆ ಹೋದಾಗ ಅವರು ನೀರು ಹೋಗುವ ಮಾತ್ರೆ ಬರೆಯುತ್ತಾರೆ. ಆ ಮಾತ್ರೆಯಿಂದ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ, ರಾತ್ರಿಯೂ ನಿದ್ರೆ ಕೆಡುತ್ತದೆ. ರಕ್ತದಲ್ಲಿ ಸೋಡಿಯಂ ಅಂಶ ಕಡಿಮೆಯಾಗಿ ಸ್ವಲ್ಪ ಗಲಿಬಿಲಿಯೂ ಆಗುತ್ತದೆ. ನಿದ್ರೆ ಇಲ್ಲವೆಂದು ಮೆಡಿಕಲ್ ಅಂಗಡಿಯಿಂದ ನಿದ್ರೆಯ ಮಾತ್ರೆ ಬರುತ್ತದೆ. ಒಂದು ಮಳೆಗಾಲದ ರಾತ್ರಿ ಹಿತ್ತಿಲ ಕಡೆಯ ಶೌಚಾಲಯಕ್ಕೆ ಹೋಗುವಾಗ ಪಾಚಿ ಹಿಡಿದ ಮೆಟ್ಟಿಲಲ್ಲಿ ಕಾಲು ಜಾರುತ್ತದೆ. ಸೊಂಟದ ಮೂಳೆ ಮುರಿಯುತ್ತದೆ.

ಆಸ್ಪತ್ರೆಯ ಕಾಗದದಲ್ಲಿ ಕಾಣುವುದು ಮೂಳೆ ಮುರಿತ ಮಾತ್ರ. ನಿಜವಾಗಿ ಅದು ಆರಂಭವಾದದ್ದು ಕೆಲವು ತಿಂಗಳ ಹಿಂದೆ, ಕಾಲು ಊದಿದ ದಿನ. ಈ ಸರಪಳಿಯಲ್ಲಿ ಯಾರೂ ದೊಡ್ಡ ತಪ್ಪು ಮಾಡಲಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ಒಂದು ತೊಂದರೆಗೆ ಒಂದು ಔಷಧ ಕೊಟ್ಟರು. ಎಲ್ಲವನ್ನೂ ಒಟ್ಟಿಗೆ ನೋಡುವವರು ಯಾರೂ ಇರಲಿಲ್ಲ. ವೃದ್ಧಾಪ್ಯ ವೈದ್ಯರು ಕಲಿಯುವ ಮೊದಲ ಪಾಠವೇ ಇದು. ಹಿರಿಯರಲ್ಲಿ ಹೊಸ ತೊಂದರೆ ಕಂಡರೆ ಹೊಸ ರೋಗ ಎಂದು ತಿಳಿಯುವ ಮೊದಲು ಹಳೆಯ ಮಾತ್ರೆಗಳ ಪಟ್ಟಿ ನೋಡಬೇಕು.

(ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಕೆಲವು ಔಷಧಗಳನ್ನು ಒಮ್ಮೆಲೇ ಬಿಟ್ಟರೆ ಅಪಾಯ. ವೈದ್ಯರಿಗೆ ತೋರಿಸಿಯೇ ಬದಲಾಯಿಸಬೇಕು.)

ಹಿರಿಯರ ರೋಗ ಬೇರೆಯದೇ ರೀತಿ

ಯುವಕನಿಗೆ ನ್ಯುಮೋನಿಯಾ ಬಂದರೆ ಜ್ವರ, ಕೆಮ್ಮು ಕಾಣುತ್ತದೆ. 85ರ ಅಜ್ಜನಿಗೆ ಜ್ವರವೇ ಬಾರದಿರಬಹುದು. ಊಟ ಬಿಟ್ಟರು, ಮಂಕಾದರು ಎಂಬುದಷ್ಟೇ ಲಕ್ಷಣವಾಗಿರಬಹುದು. ಹೃದಯಾಘಾತವಾದರೂ ಎದೆನೋವು ಇರದೆ ಉಸಿರಾಟದ ತೊಂದರೆ ಅಥವಾ ಸುಸ್ತು ಮಾತ್ರ ಇರಬಹುದು. ಮೂತ್ರದ ಸೋಂಕಿನಿಂದ ಜ್ಞಾನ ತಪ್ಪಿದಂತೆ ಮಾತನಾಡಬಹುದು. ಸಾಮಾನ್ಯ ಪಾಠಪುಸ್ತಕದ ಲಕ್ಷಣಗಳನ್ನೇ ಕಾಯುತ್ತಾ ಕುಳಿತರೆ ರೋಗ ಮುಂದೆ ಹೋಗುತ್ತದೆ.

ಮರೆವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವರ್ಷಗಳಲ್ಲಿ ನಿಧಾನವಾಗಿ ಬರುವ ಮರೆವು ಡಿಮೆನ್ಶಿಯಾ ಇರಬಹುದು. ಆದರೆ ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಬಂದ ಗಲಿಬಿಲಿ ಬೇರೆ. ಅದನ್ನು ಡಿಲಿರಿಯಂ ಎನ್ನುತ್ತಾರೆ. ಅದು ತುರ್ತು ಸ್ಥಿತಿ. ಸೋಂಕು, ನೀರಿನಂಶದ ಕೊರತೆ, ಸೋಡಿಯಂ ಇಳಿತ, ಮಲಬದ್ಧತೆ, ಹೊಸ ಮಾತ್ರೆ ಹೀಗೆ ಯಾವುದೋ ಕಾರಣ ಇರುತ್ತದೆ. ಕಾರಣ ಸಿಕ್ಕಿ ಚಿಕಿತ್ಸೆಯಾದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಥೈರಾಯ್ಡ್ ಕೊರತೆ, ಬಿ-12 ವಿಟಮಿನ್ ಕೊರತೆ, ಮನಸ್ಸಿನ ಖಿನ್ನತೆ, ಕಿವಿ ಕೇಳದಿರುವುದು ಇವೆಲ್ಲ ಡಿಮೆನ್ಶಿಯಾದಂತೆಯೇ ಕಾಣಬಹುದು. ಇವುಗಳಿಗೆ ಮಾಡಬಹುದಾದದ್ದು ಬಹಳಷ್ಟಿದೆ. "ಅರಳು ಮರಳು" ಎಂದು ಕೋಣೆಯಲ್ಲಿ ಮಲಗಿಸಿಬಿಟ್ಟರೆ ಆ ಅವಕಾಶ ಕೈತಪ್ಪುತ್ತದೆ.

ಆದ್ದರಿಂದ ಈ ವೈದ್ಯರ ಪರೀಕ್ಷೆಯ ಕ್ರಮವೂ ಬೇರೆ. ನಾಡಿ, ಬಿ.ಪಿ. ನೋಡಿ ಐದು ನಿಮಿಷದಲ್ಲಿ ಕಳುಹಿಸುವುದಿಲ್ಲ. ಬಿ.ಪಿ.ಯನ್ನು ಮಲಗಿಸಿ ಒಮ್ಮೆ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೊಮ್ಮೆ ಅಳೆಯುತ್ತಾರೆ. ಮೇಲಿನ ಅಂಕಿ 20ರಷ್ಟು ಇಳಿದರೆ ತಲೆ ತಿರುಗುವುದಕ್ಕೆ ಕಾರಣ ಸಿಕ್ಕಂತೆಯೇ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕುಳಿತುಕೊಳ್ಳಲು ಹೇಳುತ್ತಾರೆ. ಅದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆಯೆಂದು ತಿಳಿಯುತ್ತಾರೆ. ನೆನಪು, ಮನಸ್ಸು, ಕಣ್ಣು, ಕಿವಿ, ಹಲ್ಲು, ಊಟ, ಮಲಮೂತ್ರದ ಹಿಡಿತ ಎಲ್ಲವನ್ನೂ ಕೇಳುತ್ತಾರೆ. ಸ್ನಾನ, ಬಟ್ಟೆ, ಊಟ ಸ್ವತಃ ಮಾಡುತ್ತಾರೋ ಎಂದು ವಿಚಾರಿಸುತ್ತಾರೆ. ಮನೆಯಲ್ಲಿ ಯಾರಿದ್ದಾರೆ, ಔಷಧಕ್ಕೆ ಹಣ ಯಾರು ಕೊಡುತ್ತಾರೆ ಎಂಬುದೂ ಅವರಿಗೆ ಬೇಕು.

ಕೊನೆಯದಾಗಿ ಒಂದು ಪ್ರಶ್ನೆ ಇದೆ. ನಿಮಗೆ ಯಾವುದು ಮುಖ್ಯ? ಒಬ್ಬರಿಗೆ ನೋವಿಲ್ಲದೆ ಮಲಗುವುದು ಮುಖ್ಯ. ಇನ್ನೊಬ್ಬರಿಗೆ ಭಾನುವಾರ ಚರ್ಚಿಗೆ ಹೋಗಿ ಬಲಿಪೂಜೆಯಲ್ಲಿ ಭಾಗವಹಿಸುವಷ್ಟು ನಡೆಯಲು ಆದರೆ ಸಾಕು. ಚಿಕಿತ್ಸೆಯ ಗುರಿ ಆ ಉತ್ತರದಿಂದ ನಿರ್ಧಾರವಾಗುತ್ತದೆ.

ಈ ವಿದ್ಯೆ ಬಂದ ದಾರಿ

ಜೀರಿಯಾಟ್ರಿಕ್ಸ್ ಎಂಬ ಪದವನ್ನು 1909ರಲ್ಲಿ ಅಮೆರಿಕದ ವೈದ್ಯ ಇಗ್ನಾಟ್ಸ್ ನಾಷರ್ ಬಳಕೆಗೆ ತಂದರು. ಆದರೆ ಅದನ್ನು ಆಸ್ಪತ್ರೆಯಲ್ಲಿ ಮಾಡಿ ತೋರಿಸಿದವರು ಇಂಗ್ಲೆಂಡಿನ ಡಾ. ಮಾರ್ಜರಿ ವಾರೆನ್. 1935ರಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಬಡವರ ಆಸ್ಪತ್ರೆಯನ್ನು ಸೇರಿಸಿದಾಗ ಅಲ್ಲಿನ 714 ರೋಗಿಗಳ ಜವಾಬ್ದಾರಿ ಅವರಿಗೆ ಬಂತು. ವಾಸಿಯಾಗದವರು ಎಂದು ವರ್ಷಗಟ್ಟಲೆ ಹಾಸಿಗೆಯಲ್ಲೇ ಬಿಟ್ಟವರು ಅವರಲ್ಲಿ ಬಹಳ ಮಂದಿ. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷಿಸಿ, ಎಬ್ಬಿಸಿ ಕೂರಿಸಿ, ನಡೆಸಿ, ಅನೇಕರನ್ನು ಮನೆಗೆ ಕಳುಹಿಸಿದರು. ಹೊಸ ಔಷಧ ಕಂಡುಹಿಡಿಯಲಿಲ್ಲ, ಯಂತ್ರ ತರಲಿಲ್ಲ. ಹಾಸಿಗೆಯಲ್ಲಿ ಮಲಗಿಸಿದ್ದೇ ಅವರ ರೋಗಕ್ಕೆ ಅರ್ಧ ಕಾರಣ ಎಂಬುದನ್ನು ಕಂಡುಕೊಂಡರು.

ನಮ್ಮ ದೇಶದಲ್ಲಿ ಈ ಕೆಲಸ ಚೆನ್ನೈಯಲ್ಲಿ ಆರಂಭವಾಯಿತು. ಡಾ. ವಿ.ಎಸ್. ನಟರಾಜನ್ 1978ರಲ್ಲಿ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗಾಗಿ ಪ್ರತ್ಯೇಕ ಹೊರರೋಗಿ ವಿಭಾಗ ತೆರೆದರು. 1996ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ಎಂ.ಡಿ. ಜೀರಿಯಾಟ್ರಿಕ್ಸ್ ಶಿಕ್ಷಣ ಶುರುವಾಯಿತು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೆಹಲಿಯ ಏಮ್ಸ್ ಮತ್ತು ಇತರ ಕಾಲೇಜುಗಳಲ್ಲಿ ಈ ಎಂ.ಡಿ. ಆರಂಭವಾದದ್ದು ಬಹಳ ತಡವಾಗಿ.

ತರಬೇತಿ ಎಲ್ಲಿ, ಹೇಗೆ?

ತಜ್ಞರಾಗಲು ಎಂ.ಬಿ.ಬಿ.ಎಸ್. ಮುಗಿಸಿ ನೀಟ್ ಪಿ.ಜಿ. ಪರೀಕ್ಷೆ ಬರೆದು ಮೂರು ವರ್ಷದ ಎಂ.ಡಿ. ಮಾಡಬೇಕು. ಹೃದಯ, ನರ, ಮನೋರೋಗ, ಮೂಳೆ ಮುಂತಾದವುಗಳಲ್ಲಿ ಹಿರಿಯರಿಗೆ ಬೇಕಾದ ಭಾಗವನ್ನು ಒಟ್ಟಿಗೆ ಕಲಿಯಬೇಕು. ಫಿಸಿಯೋಥೆರಪಿಯವರು, ನರ್ಸ್, ಆಹಾರ ತಜ್ಞರು, ಸಮಾಜ ಕಾರ್ಯಕರ್ತರ ಜೊತೆ ತಂಡವಾಗಿ ದುಡಿಯುವುದನ್ನೂ ರೂಢಿಸಿಕೊಳ್ಳಬೇಕು.

ಇದಕ್ಕಾಗಿ ನಮ್ಮವರು ದೂರ ಹೋಗಬೇಕಿಲ್ಲ ಎಂಬುದು ಸಂತೋಷದ ವಿಷಯ. ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಜೀರಿಯಾಟ್ರಿಕ್ಸ್ ಇದೆ. ಮೈಸೂರಿನ ಜೆ.ಎಸ್.ಎಸ್. ಕಾಲೇಜಿನಲ್ಲಿಯೂ ಇದೆ. ದೇರಳಕಟ್ಟೆಯ ಯೆನೆಪೊಯ ಮೆಡಿಕಲ್ ಕಾಲೇಜಿನಲ್ಲಿ ಈ ವಿಭಾಗವಿದೆ. ಕರಾವಳಿಯಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಡಾ. ಪ್ರಭಾ ಅಧಿಕಾರಿಯವರ ಹೆಸರನ್ನು ವೈದ್ಯರು ಗೌರವದಿಂದ ಹೇಳುತ್ತಾರೆ. ಭಾರತದ ಕಥೊಲಿಕ ಧರ್ಮಾಧ್ಯಕ್ಷರ ಮಂಡಳಿಯ ಬೆಂಗಳೂರಿನ ಸಂತ ಜೋನ್ಸ್ ಆಸ್ಪತ್ರೆಯಲ್ಲಿಯೂ ಹಿರಿಯರಿಗಾಗಿ ವಿಭಾಗವಿದೆ.

ಎಲ್ಲರೂ ಎಂ.ಡಿ. ಮಾಡಲಾಗದು. ಈಗಾಗಲೇ ವೃತ್ತಿಯಲ್ಲಿರುವ ಎಂ.ಬಿ.ಬಿ.ಎಸ್. ವೈದ್ಯರಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದೆ. ಪಾಠವನ್ನು ದೂರಶಿಕ್ಷಣದಲ್ಲಿ ಓದಿ, ಪ್ರಾಯೋಗಿಕ ಅಭ್ಯಾಸವನ್ನು ನಿಗದಿತ ಆಸ್ಪತ್ರೆಯಲ್ಲಿ ಮಾಡುವ ಕ್ರಮ. ಸೇರಬಯಸುವವರು ಆ ವರ್ಷದ ಪ್ರವೇಶ ಮತ್ತು ಅಭ್ಯಾಸ ಕೇಂದ್ರದ ಬಗ್ಗೆ ವಿಚಾರಿಸಿಕೊಳ್ಳಬೇಕು.

ಹಾಗಾದರೆ ತಜ್ಞರು ಯಾಕೆ ಇಷ್ಟು ಕಡಿಮೆ? ಕಾರಣ ಊಹಿಸುವುದು ಕಷ್ಟವಲ್ಲ. ಈ ವಿಭಾಗದಲ್ಲಿ ದೊಡ್ಡ ಆಪರೇಷನ್ ಇಲ್ಲ, ದುಬಾರಿ ಯಂತ್ರವಿಲ್ಲ. ಒಬ್ಬ ಹಿರಿಯರನ್ನು ಸರಿಯಾಗಿ ನೋಡಲು ಮುಕ್ಕಾಲು ಗಂಟೆ ಬೇಕಾಗುತ್ತದೆ. ಆ ಸಮಯಕ್ಕೆ ತಕ್ಕ ಫೀಸು ಕೇಳಿದರೆ ಯಾರು ಕೊಡುತ್ತಾರೆ? ಮೂರು ಮಾತ್ರೆ ಕಡಿಮೆ ಮಾಡಿ ಕಳುಹಿಸಿದ ವೈದ್ಯರಿಗಿಂತ ಮೂರು ಮಾತ್ರೆ ಹೆಚ್ಚು ಬರೆದವರೇ ದೊಡ್ಡ ಡಾಕ್ಟರು ಎಂದು ತಿಳಿಯುವವರು ನಾವೇ ಅಲ್ಲವೇ? ರೋಗಿಗಳಾದ ನಮ್ಮ ಮನೋಭಾವವೂ ಬದಲಾಗಬೇಕು.

ಕಾನೂನು ಏನು ಹೇಳುತ್ತದೆ?

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಜನಸಂಖ್ಯೆಯ 8.6 ಶೇಕಡಾ. ಕರ್ನಾಟಕದಲ್ಲಿ ಅದು 9.5 ಶೇಕಡಾ. ಅಂದಿನಿಂದ ಈ ಪಾಲು ಏರುತ್ತಲೇ ಇದೆ.

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ ಎಂದರೆ ಮಕ್ಕಳಿಂದ ಜೀವನಾಂಶ ಕೊಡಿಸುವ ಕಾನೂನು ಎಂದು ಮಾತ್ರ ನಮಗೆ ಗೊತ್ತು. ಅದರ 20ನೇ ಸೆಕ್ಷನ್ ಆಸ್ಪತ್ರೆಗಳ ಬಗ್ಗೆಯೂ ಹೇಳುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು ಇರಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗೆಂದೇ ಮೀಸಲಾದ ವ್ಯವಸ್ಥೆ ಇರಬೇಕು. ಅದರ ಮುಖ್ಯಸ್ಥರು ಹಿರಿಯರ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯಾಧಿಕಾರಿಯೇ ಆಗಿರಬೇಕು. ತರಬೇತಿ ಪಡೆದ ವೈದ್ಯರೇ ಇಲ್ಲದಿದ್ದರೆ ಈ ಕಾನೂನನ್ನು ಪಾಲಿಸುವುದು ಹೇಗೆ?

2010-11ರಲ್ಲಿ ಕೇಂದ್ರ ಸರಕಾರ ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಯೋಜನೆಯಂತೆ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಹಿರಿಯರ ಕ್ಲಿನಿಕ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಒಂದು ದಿನ. ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಆ ದಿನ ಯಾವುದು ಎಂದು ವಿಚಾರಿಸಿ, ಭಾನುವಾರದ ಪ್ರಕಟಣೆಯಲ್ಲಿ ಹೇಳಿದರೆ ಎಷ್ಟೋ ಜನರಿಗೆ ಉಪಕಾರ. ಆ ದಿನವೇ ಇಲ್ಲವೆಂದಾದರೆ ಕೇಳುವ ಹಕ್ಕು ನಮಗಿದೆ. ತೊಂದರೆಯಲ್ಲಿರುವ ಹಿರಿಯರಿಗಾಗಿ 14567 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ನಮ್ಮ ಮೂರು ತಾಲೂಕುಗಳಲ್ಲಿ

ತಜ್ಞರು ಇರುವುದು ಮಂಗಳೂರಿನಲ್ಲಿ. ಬಂಟ್ವಾಳದಿಂದ ಅದು ಹತ್ತಿರ. ಮೂಡುಬಿದಿರೆಯಿಂದ ಸುಮಾರು 35 ಕಿ.ಮೀ., ಬೆಳ್ತಂಗಡಿ ಪೇಟೆಯಿಂದ ಸುಮಾರು 60 ಕಿ.ಮೀ. ಚಾರ್ಮಾಡಿ, ಶಿಶಿಲದಂತಹ ಒಳಊರುಗಳಿಂದ ಇನ್ನೂ ದೂರ. ನಡೆಯಲಾಗದ ಹಿರಿಯರನ್ನು ಜೀಪಿನಲ್ಲಿ ಕೂರಿಸಿ ಕರೆದೊಯ್ಯುವುದಕ್ಕೆ ಒಂದು ದಿನದ ದುಡಿಮೆ, ಬಾಡಿಗೆ, ಜೊತೆಗೊಬ್ಬ ಜನ ಬೇಕು. ತಿಂಗಳು ತಿಂಗಳು ಇದು ಆಗುವ ಕೆಲಸವಲ್ಲ.

ಆದ್ದರಿಂದ ಪ್ರತಿ ಊರಿಗೂ ತಜ್ಞರು ಬೇಕೆಂದು ಕಾಯುವುದಕ್ಕಿಂತ, ಊರಿನಲ್ಲಿರುವ ವೈದ್ಯರಿಗೆ ಮತ್ತು ನರ್ಸುಗಳಿಗೆ ತರಬೇತಿ ಸಿಗುವಂತೆ ಮಾಡುವುದೇ ದಾರಿ. ತಜ್ಞರು ವರ್ಷಕ್ಕೊಮ್ಮೆ ಪೂರ್ತಿ ಪರೀಕ್ಷೆ ಮಾಡಿ ದಾರಿ ತೋರಿಸಲಿ. ಪ್ರತಿ ತಿಂಗಳ ಆರೈಕೆ ಊರಿನಲ್ಲೇ ನಡೆಯಲಿ.

ಈ ಕೆಲಸಕ್ಕೆ ನಮ್ಮ ಧರ್ಮಸಭೆಯ ಬಳಿ ನೆಲೆ ಇದೆ. ಜೆಸುಯಿಟ್ ಧರ್ಮಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡಲು ಆರಂಭಿಸಿದ್ದು ಇಂದು ಮೆಡಿಕಲ್ ಕಾಲೇಜು, ನರ್ಸಿಂಗ್ ಮತ್ತು ಫಿಸಿಯೋಥೆರಪಿ ಕಾಲೇಜುಗಳಾಗಿ ಬೆಳೆದಿದೆ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಅದರ ಆಸ್ಪತ್ರೆ ಇದೆ. ಮೂಡುಬಿದಿರೆಯ ಆಲಂಗಾರಿನಲ್ಲಿ ಮೌಂಟ್ ರೋಜರಿಯ ಧರ್ಮಭಗಿನಿಯರು ಆಸ್ಪತ್ರೆಯ ಜೊತೆಗೆ ಹಿರಿಯರ ಸೇವೆಯನ್ನೂ ಮಾಡುತ್ತಾ ಬಂದಿದ್ದಾರೆ. ಇಂತಹ ಸಂಸ್ಥೆಗಳಿಂದ ಒಬ್ಬೊಬ್ಬ ವೈದ್ಯರು, ಇಬ್ಬರು ನರ್ಸುಗಳು ಹಿರಿಯರ ಆರೈಕೆಯ ತರಬೇತಿ ಪಡೆದು ಬಂದರೆ ಸುತ್ತಲಿನ ಹತ್ತಾರು ಧರ್ಮಕೇಂದ್ರಗಳಿಗೆ ಅನುಕೂಲ. ವೈದ್ಯಕೀಯ ಓದುವ ಮಕ್ಕಳಿಗೆ ನೆರವು ನೀಡುವ ದಾನಿಗಳು ಈ ವಿಭಾಗ ಆರಿಸಿಕೊಳ್ಳುವವರ ಕಡೆಗೂ ಗಮನ ಕೊಡಬೇಕೆಂದು ವಿನಂತಿ.

ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ

ವಾಳೆಯ ಗುರ್ಕಾರರು, ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯವರು, ಸ್ತ್ರೀ ಸಂಘಟನೆ, ಕಥೊಲಿಕ್ ಸಭಾ, ಐ.ಸಿ.ವೈ.ಎಂ. ಯುವಜನರು ವೈದ್ಯರಾಗಬೇಕಿಲ್ಲ. ಆದರೆ ವೈದ್ಯರಿಗೆ ಕಾಣದ್ದು ಅವರಿಗೆ ಕಾಣುತ್ತದೆ. ಹೀಗೆ ಆರಂಭಿಸಬಹುದು:

1. ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿ ತೋರಿಸಿ. ಅಂಗಡಿಯಿಂದ ತಂದ ನೋವಿನ ಮಾತ್ರೆ, ಶೀತದ ಮಾತ್ರೆ, ನಾಟಿ ಮದ್ದು ಎಲ್ಲವೂ ಇರಲಿ.

2. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ ಎಂದು ಕೇಳಿ. ಗಾಯವಾಗದಿದ್ದರೂ ವೈದ್ಯರಿಗೆ ಹೇಳಬೇಕು.

3. ಇದ್ದಕ್ಕಿದ್ದಂತೆ ಗಲಿಬಿಲಿಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆಗೆ ಬಿಡಬೇಡಿ.

4. ಸೊಂಟದ ಮೂಳೆ ಮುರಿದರೆ "ಈ ವಯಸ್ಸಿಗೆ ಆಪರೇಷನ್ ಬೇಡ" ಎಂದು ಮನೆಯವರೇ ತೀರ್ಮಾನಿಸಬಾರದು. ಹೆಚ್ಚಿನವರಿಗೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾಗಿ ಬೇಗ ಎದ್ದು ಕುಳಿತರೆ ಒಳ್ಳೆಯದು. ತಿಂಗಳುಗಟ್ಟಲೆ ಮಲಗಿದರೆ ಹಾಸಿಗೆ ಹುಣ್ಣು, ನ್ಯುಮೋನಿಯಾ ಕಾಯುತ್ತಿರುತ್ತವೆ.

5. ಯುವಜನರು ಮಳೆಗಾಲದ ಮೊದಲು ಒಂದು ಶ್ರಮದಾನ ಮಾಡಲಿ. ಅಂಗಳದ ಪಾಚಿ ಉಜ್ಜುವುದು, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಸರಳು ಹಾಕುವುದು, ದಾರಿಗೊಂದು ಬಲ್ಬು. ಒಂದು ಮೂಳೆ ಮುರಿಯುವುದು ತಪ್ಪಿದರೂ ಸಾರ್ಥಕ.

6. ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯುವ ಒಂಟಿ ಹಿರಿಯರಿದ್ದಾರೆ. ಮೊಟ್ಟೆ, ಮೀನು, ಬೇಳೆ, ಹಾಲು ಇಲ್ಲದಿದ್ದರೆ ಸ್ನಾಯು ಕರಗಿ ನಡಿಗೆ ಕೆಡುತ್ತದೆ. ವಾರಕ್ಕೆರಡು ದಿನ ನೆರೆಮನೆಯಿಂದ ಒಂದು ಪಾತ್ರೆ ಸಾರು ಹೋದರೂ ವ್ಯತ್ಯಾಸವಾಗುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ವೈದ್ಯರನ್ನು ಕೇಳಿ ಕೊಡಿ.

7. ವೈದ್ಯಕೀಯ ಶಿಬಿರ ನಡೆಸುವಾಗ ಬಿ.ಪಿ., ಶುಗರ್ ನೋಡಿ ಕಳುಹಿಸುವ ಬದಲು ನಡಿಗೆ, ಕಣ್ಣು, ಕಿವಿ, ನೆನಪು, ಮಾತ್ರೆಗಳ ಪರಿಶೀಲನೆಯನ್ನೂ ಸೇರಿಸಲು ಆಸ್ಪತ್ರೆಯವರನ್ನು ಕೇಳಿಕೊಳ್ಳಿ.

ಕೊನೆಯ ಮಾತು

ದಿವಂಗತ ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನು ಆರಂಭಿಸಿದರು. ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬಕ್ಕೆ ಹತ್ತಿರವಾಗಿ ಜುಲೈ ತಿಂಗಳ ನಾಲ್ಕನೇ ಭಾನುವಾರ ಅದನ್ನು ಆಚರಿಸುತ್ತೇವೆ. ಹಿರಿಯರಿಗೆ ಹೂ ಕೊಟ್ಟು, ಶಾಲು ಹೊದಿಸಿ, ಊಟ ಬಡಿಸುತ್ತೇವೆ. ಒಳ್ಳೆಯದೇ. ಆ ದಿನಕ್ಕೆ ಬರಲಾಗದೆ ಮನೆಯಲ್ಲೇ ಉಳಿದವರ ಪಟ್ಟಿಯನ್ನೂ ಅಂದೇ ಮಾಡೋಣ. ಅವರು ಯಾಕೆ ಬರಲಿಲ್ಲ ಎಂದು ಕೇಳೋಣ. ಕಾರಣ ಕಾಲಿನದೋ, ಕಿವಿಯದೋ, ಮಾತ್ರೆಯದೋ, ಮನಸ್ಸಿನದೋ?

ಒಂದು ಕಾಲದಲ್ಲಿ ಅಸ್ವಸ್ಥರ ಅಭ್ಯಂಗ ಸಂಸ್ಕಾರಕ್ಕೆ ಧರ್ಮಗುರುಗಳನ್ನು ಕರೆಯಲು ಜನ ಹೆದರುತ್ತಿದ್ದರು. ಅದು ಸಾಯುವವರಿಗೆ ಮಾತ್ರ ಎಂದು ತಿಳಿದಿದ್ದರು. ಅದು ಪ್ರಾಣ ಹೋಗುವ ಗಳಿಗೆಗೆ ಮಾತ್ರ ಮೀಸಲಲ್ಲ, ಕಾಯಿಲೆಯಲ್ಲಿ ಬಲ ಕೊಡುವ ಸಂಸ್ಕಾರ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ತಿಳಿಸಿತು. ವೃದ್ಧಾಪ್ಯ ವೈದ್ಯಶಾಸ್ತ್ರದ ಬಗ್ಗೆಯೂ ಅಂತಹದೇ ತಪ್ಪು ತಿಳಿವಳಿಕೆ ಇದೆ. ಅದು ಕೊನೆಯ ದಿನಗಳ ವೈದ್ಯವಲ್ಲ. ಇನ್ನೂ ಉಳಿದಿರುವ ಹತ್ತು, ಹದಿನೈದು ವರ್ಷಗಳನ್ನು ಸ್ವಂತ ಕಾಲಿನ ಮೇಲೆ ಕಳೆಯಲು ನೆರವಾಗುವ ವಿದ್ಯೆ.

ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದ ನೋಡಿಕೊಳ್ಳಬೇಕೆಂದು ಸಿರಾಖನ ಗ್ರಂಥದ ಮೂರನೇ ಅಧ್ಯಾಯ ಬೋಧಿಸುತ್ತದೆ. ಆ ತಾಳ್ಮೆಯ ಜೊತೆಗೆ, ಬುದ್ಧಿ ಮಂಕಾದದ್ದು ಯಾಕೆ ಎಂದು ಕೇಳುವ ವೈದ್ಯರೂ ನಮ್ಮ ಹಿರಿಯರಿಗೆ ಸಿಗಲಿ. ಮುಂದಿನ ಮೊದಲ ಶುಕ್ರವಾರ ಆ ಮನೆಗೆ ಹೋದಾಗ, ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ನಿಂತು ಆ ಮಾತ್ರೆ ಡಬ್ಬಿಯ ಬಗ್ಗೆಯೂ ವಿಚಾರಿಸೋಣ.